ಬೋರ್ಡಣ್ಣ ಹೇಳಲಾರದೆ ಬರೆದದ್ದು

ಊರಿನ ಯಾವ ಅಂಗಡಿಯ ಹಣೆ ನೋಡಿದರೂ ಬೋರ್ಡಣ್ಣನ ಕೈಬರಹ. ಔಷಧಿ ಅಂಗಡಿ, ಹಿಟ್ಟಿನ ಗಿರಣಿ, ಸೈಕಲ್ ಶಾಪು, "ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ" ಎಂಬ ಎಚ್ಚರಿಕೆ, ಎಲ್ಲ ಅವನದೇ. ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ ಬೋರ್ಡುಗಳು ಬಂದ ಮೇಲೂ ಜನ ಅವನನ್ನು ಬಿಟ್ಟಿರಲಿಲ್ಲ. ಅವನು ಬರೆದ ಅಕ್ಷರ ಹತ್ತು ವರ್ಷದ ಬಿಸಿಲಿಗೂ ಬಣ್ಣ ಬಿಡುವುದಿಲ್ಲ ಎಂಬ ಮಾತಿತ್ತು. ಅಪ್ಪ ಅಮ್ಮ ಇಟ್ಟ ಹೆಸರೇನು ಎಂದು ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸಬೇಕಾಗಿತ್ತು.

ಇಂಥ ಬೋರ್ಡಣ್ಣನಿಗೆ ಐವತ್ತಕ್ಕೆ ಎರಡು ಕಮ್ಮಿ ಇರುವಾಗ ಒಂದು ತೊಂದರೆ ಶುರುವಾಯಿತು. ಊರಿನವರ ಮಾತನ್ನೆಲ್ಲ ಬರೆದವನಿಗೆ ಆ ತೊಂದರೆಗೆ ಮಾತೇ ಸಿಗಲಿಲ್ಲ. ಅದನ್ನು ಇಲ್ಲೇ ಹೇಳಿಬಿಡೋಣ. ಮುಚ್ಚುಮರೆ ಮಾಡುವುದಾದರೆ ಈ ಕಥೆ ಹೇಳಿಯೂ ಪ್ರಯೋಜನವಿಲ್ಲ. ಹೆಂಡತಿಯ ಜೊತೆ ಸೇರುವ ಹೊತ್ತಿಗೆ ಅವನಿಗೆ ಅಂಗ ನಿಮಿರುತ್ತಿರಲಿಲ್ಲ. ಮೊದಲ ಸಲ ದಣಿವು ಅಂದುಕೊಂಡ. ಎರಡನೆಯ ಸಲ ವಯಸ್ಸು ಅಂದುಕೊಂಡ. ಮೂರನೆಯ ಸಲ 'ಇವತ್ತೂ ಹಾಗೇ ಆದರೆ?' ಎಂಬ ಭಯ ಅವನಿಗಿಂತ ಮುಂಚೆ ಬಂದು ಹಾಸಿಗೆಯ ಮೇಲೆ ಕೂತಿತ್ತು. ಭಯ ಕೂತ ಜಾಗದಲ್ಲಿ ಆಸೆ ಎಷ್ಟು ಹೊತ್ತು ನಿಂತೀತು? ಅದೂ ಎದ್ದು ಹೋಯಿತು.

ಆಮೇಲೆ ನೆಪಗಳು. ಏಣಿ ಹತ್ತಿ ಇಳಿದು ಸೊಂಟನೋವು. ಟರ್ಪೆಂಟೈನ್ ವಾಸನೆಗೆ ತಲೆನೋವು. ಗೋಡೆಯ ಕಡೆ ತಿರುಗಿ ಮಲಗಿದರೆ ಎರಡೇ ನಿಮಿಷಕ್ಕೆ ಗೊರಕೆ, ಅದೂ ಸುಳ್ಳು ಗೊರಕೆ. ಅವನ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವವಳು. ದಿನಕ್ಕೆ ಇನ್ನೂರು ಅಂಗಿಯ ಗುಂಡಿ ಸಾಲು ಸೊಟ್ಟಗಿದೆಯೋ ನೆಟ್ಟಗಿದೆಯೋ ಒಂದೇ ನೋಟಕ್ಕೆ ಹೇಳುವ ಕಣ್ಣು ಅವಳದು. ಗಂಡನ ಗೊರಕೆ ನಿಜವೋ ಸುಳ್ಳೋ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಕೇಳಲಿಲ್ಲ. ಮನೆ ತುಂಬ ಮಾತಾಡಿಕೊಂಡಿದ್ದ ಹೆಂಗಸು ಬರಬರುತ್ತಾ "ಊಟ ಆಯ್ತಾ", "ಬಾಗಿಲು ಹಾಕಿದ್ರಾ" ಎನ್ನುವಷ್ಟಕ್ಕೆ ಬಂದು ನಿಂತಳು. ಹೀಗೆ ಹತ್ತಿರ ಹತ್ತಿರ ಒಂದು ವರ್ಷ ಕಳೆಯಿತು.

ಆ ಹೊತ್ತಿಗೆ ಸರಿಯಾಗಿ ಹೊರಗಿನಿಂದ ಚರ್ಮದ ಬ್ಯಾಗು ಹಿಡಿದ ಒಬ್ಬ ಬಂದು, ಹನ್ನೆರಡು ಗೋಡೆಗಳ ಮೇಲೆ ಜಾಹೀರಾತು ಬರೆಯುವ ಕೆಲಸ ಕೊಟ್ಟ. "ಗುಪ್ತ ದೌರ್ಬಲ್ಯವೇ? ಚಿಂತೆ ಬಿಡಿ! ನಲವತ್ತು ದಿನದಲ್ಲಿ ಶಾಶ್ವತ ಪರಿಹಾರ!" ಮೊದಲ ಗೋಡೆಯ ಮೇಲೆ ಇದನ್ನು ಬರೆಯುವಾಗ ಬೋರ್ಡಣ್ಣ ಒಳಗೊಳಗೇ ನಕ್ಕ. ನಾಲ್ಕನೆಯ ಗೋಡೆಗೆ ಬರುವಾಗ 'ಶಾಶ್ವತ' ಎಂಬಲ್ಲಿ ಕುಂಚ ನಿಧಾನವಾಯಿತು. ಹನ್ನೆರಡನೆಯ ಗೋಡೆ ಮುಗಿಸಿ ಕೆಳಗಿಳಿದು, ಹಿಂದೆ ಸರಿದು ನಿಂತು ನೋಡಿದ. ದುಂಡಗಿನ ಕೆಂಪು ಅಕ್ಷರ, ಹಳದಿ ಅಂಚು, ಒಂದು ಒತ್ತೂ ತಪ್ಪಿಲ್ಲ. ಇಷ್ಟು ಚೆನ್ನಾಗಿ ಬರೆದದ್ದು ಸುಳ್ಳಾಗಿರಲು ಸಾಧ್ಯವೇ ಅನ್ನಿಸಿತು. ತಾನೇ ಬರೆದ ಸುಳ್ಳನ್ನು ಹನ್ನೆರಡು ಸಲ ಬರೆದು ಕೊನೆಗೆ ತಾನೇ ನಂಬಿದ ಮಹಾನುಭಾವ ಅವನು.

ಬ್ಯಾಗಿನವನು ಒಂದು ಡಬ್ಬಿ ಪುಡಿ ಕೊಟ್ಟ. ಜೊತೆಗೆ ಬಿಟ್ಟಿ ಸಲಹೆಯನ್ನೂ ಕೊಟ್ಟ. "ಬಿಪಿ ಮಾತ್ರೆ ತಗೋತೀರಾ? ಎಲ್ಲಾ ಅದರದ್ದೇ ಕರಾಮತ್ತು. ಮೊದಲು ಅದನ್ನ ಬಿಸಾಕಿ." ಬೋರ್ಡಣ್ಣ ಆರೋಗ್ಯ ಕೇಂದ್ರದಿಂದ ತರುತ್ತಿದ್ದ ಬಿಪಿ ಮಾತ್ರೆ ಬಿಟ್ಟ, ಪುಡಿ ಹಿಡಿದ. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದು ಎಂದರೆ ಇದೇ. ನಲವತ್ತಲ್ಲ, ತೊಂಬತ್ತು ದಿನ ಪುಡಿ ತಿಂದ. ಮುಖ ಬಿಸಿಯಾಗುವುದು, ತಲೆ ಸಿಡಿಯುವುದು ಬಿಟ್ಟರೆ ಬೇರೇನೂ ಆಗಲಿಲ್ಲ.

ಒಂದು ಬೆಳಿಗ್ಗೆ ಬೇಕರಿಯ ಬೋರ್ಡು ಬರೆಯುತ್ತಿದ್ದಾಗ ಏಣಿಯ ಮೇಲೇ ಕಣ್ಣು ಕತ್ತಲೆಗಟ್ಟಿತು. ಪುಣ್ಯಕ್ಕೆ ಕೆಳಗೆ ಬೀಗರು ಇದ್ದರು. ಬೀಗರು ಎಂದರೆ ಹೆಣ್ಣು ಕೊಟ್ಟವರೂ ಅಲ್ಲ, ತಂದವರೂ ಅಲ್ಲ. ಬೇಕರಿಯ ಪಕ್ಕದಲ್ಲಿ ಬೀಗ ರಿಪೇರಿ ಮಾಡಿ ಕೀಲಿಕೈ ಮಾಡಿಕೊಡುವ ಗೆಳೆಯ. ಆ ಕೆಲಸದಿಂದಲೇ ಊರೆಲ್ಲ ಅವನನ್ನು "ಬೀಗರೇ" ಎಂದು ಮರ್ಯಾದೆಯಿಂದ ಕರೆದು ನಗುತ್ತಿತ್ತು. ಬೀಗರು ಓಡಿ ಬಂದು ಏಣಿಗೆ ಹೆಗಲು ಕೊಟ್ಟ, ಬೋರ್ಡಣ್ಣನನ್ನು ಮೆಲ್ಲಗೆ ಇಳಿಸಿದ, ಸ್ಕೂಟರಿನಲ್ಲಿ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ.

ಅಲ್ಲಿನ ಹಿರಿಯ ನರ್ಸನ್ನು ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು. ಅವರು ಬಿಪಿ ನೋಡಿದರು. ಇನ್ನೊಂದು ಸಲ ನೋಡಿದರು.

"ಮಾತ್ರೆ ತಗೋತಾ ಇದ್ದೀರಾ ಅಣ್ಣಾ?"

"ತಪ್ಪದೆ ತಗೋತೀನಿ ಸಿಸ್ಟರಮ್ಮ."

"ಮೂರು ತಿಂಗಳಿಂದ ಮಾತ್ರೆ ಇಸ್ಕೊಂಡು ಹೋಗೋಕೇ ಬಂದಿಲ್ಲ. ಯಾವ ಮಾತ್ರೆ ತಗೋತೀರಿ, ಗಾಳಿ ಮಾತ್ರೆನಾ?"

ಸಿಸ್ಟರಮ್ಮ ಬಾಗಿಲು ಮುಂದಕ್ಕೆ ಹಾಕಿ, ಸ್ಟೂಲು ಎಳೆದುಕೊಂಡು ಕೂತರು.

"ಸಂಸಾರ ಹೇಗಿದೆ ಅಣ್ಣಾ?"

"ಎಲ್ಲಾ ಕ್ಷೇಮ. ಮಗಳು ಕೆಲಸದಲ್ಲಿದ್ದಾಳೆ. ನಮ್ಮತ್ತೆಗೆ ಮಾತ್ರ ಸ್ವಲ್ಪ ಮಂಡಿನೋವು."

"ನಿಮ್ಮತ್ತೆ ಮಂಡಿ ಆಮೇಲೆ ನೋಡೋಣ. ನಾನು ಕೇಳಿದ್ದು ಗಂಡ ಹೆಂಡತಿ ಸೇರೋದರ ವಿಷಯ. ಅದರಲ್ಲಿ ಏನಾದ್ರೂ ತೊಂದರೆ ಇದೆಯಾ? ಬಿಪಿ ಇರೋರನ್ನೆಲ್ಲ ಕೇಳ್ತೀನಿ. ನಿಮ್ಮೊಬ್ಬರನ್ನೇ ಅಲ್ಲ."

ಹಸಿವಾಗುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಕೇಳುವಂತೆಯೇ ಕೇಳಿದರು. ಬೋರ್ಡಣ್ಣನ ಕಿವಿ ಕೆಂಪಾಯಿತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನಂತೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊನೆಗೆ "ಅಂಥದ್ದೇನಿಲ್ಲ" ಎಂದು ಎದ್ದುಬಿಟ್ಟ. ಸಿಸ್ಟರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಬಿಪಿ ಇಳಿಯುವ ತನಕ ಅಲ್ಲೇ ಮಲಗಿಸಿದರು. ಹೊರಡುವಾಗ ಮಾತ್ರೆ ಕೊಟ್ಟು, "ಗುರುವಾರ ಮಧ್ಯಾಹ್ನ ಡಾಕ್ಟ್ರಮ್ಮ ಇರ್ತಾರೆ. ಬಂದ್ರೆ ಬಾಗಿಲು ಹಾಕ್ಕೊಂಡೇ ಮಾತಾಡ್ತಾರೆ. ಮನೆಯವರೂ ಬಂದ್ರೆ ಇನ್ನೂ ಒಳ್ಳೇದು" ಎಂದಷ್ಟೇ ಹೇಳಿದರು.

ಹೊರಗೆ ಸ್ಕೂಟರಿನ ಹತ್ತಿರ ಬೀಗರು ಕಾಯುತ್ತಿದ್ದ. "ಸಿಸ್ಟರಮ್ಮ ಕೇಳಿದ್ರಾ?" ಅಂದ.

"ಏನು ಕೇಳೋದು? ನನಗೇನೂ ಆಗಿಲ್ಲ!" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಉತ್ತರ.

"ನನಗಾಗಿತ್ತು ಕಣೋ" ಎಂದ ಬೀಗರು, ಕೀಲಿ ತಿರುಗಿಸುತ್ತಾ. "ಸಕ್ಕರೆ ಕಾಯಿಲೆ ಬಂದ ವರ್ಷ. ಊರಿನವರ ಬೀಗ ಎಲ್ಲಾ ಎರಡು ನಿಮಿಷಕ್ಕೆ ತೆಗೆಯೋನು ನಾನು, ನನ್ನ ಬಾಯಿ ಬೀಗ ತೆಗೆಯೋಕೆ ಎರಡು ವರ್ಷ ಹಿಡೀತು."

"ನಿನಗಾ?"

"ಯಾಕೆ, ನಾನೇನು ಕಬ್ಬಿಣದಲ್ಲಿ ಎರಕ ಹೊಯ್ದವನಾ? ನನ್ನ ಹಾಗೆ ಎಷ್ಟೋ ಜನ ಇದ್ದಾರಂತೆ, ಡಾಕ್ಟ್ರಮ್ಮನೇ ಹೇಳಿದ್ದು. ಎಲ್ಲರೂ ತಾನೊಬ್ಬನೇ ಅಂದ್ಕೊಂಡಿರ್ತಾರೆ, ಅಷ್ಟೇ."

ಬೋರ್ಡಣ್ಣ ಸ್ಕೂಟರ್ ಹತ್ತಿದ. ಮನೆ ಮುಟ್ಟುವ ತನಕ ಗೆಳೆಯನ ಬೆನ್ನು ನೋಡುತ್ತಾ ಕೂತಿದ್ದ.

ಮನೆಯಲ್ಲಿ ಬೇರೆಯೇ ಆಗಿತ್ತು. ಗಂಡ ಏಣಿಯಿಂದ ಬೀಳುತ್ತಿದ್ದನಂತೆ ಎಂದು ಯಾರೋ ಹೇಳಿ, ಹೆಂಡತಿ ಕೆಲಸ ಬಿಟ್ಟು ಓಡಿ ಬಂದಿದ್ದಳು. ಅವನ ಆಸ್ಪತ್ರೆ ಚೀಟಿ ತೆಗೆದುಕೊಂಡು ಹಿಂದೆಯೇ ಹೋಗೋಣವೆಂದು ಹುಡುಕಿದಳು. ಬೀರುವಿನಲ್ಲಿ ಸಿಗಲಿಲ್ಲ. ಮನೆಯಲ್ಲೇ ಇದ್ದ ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಕೈ ಹಾಕಿದಾಗ ಸವೆದ ಕುಂಚಗಳ ಕೆಳಗೆ ಆ ಪುಡಿಯ ಡಬ್ಬಿ ಸಿಕ್ಕಿತು. ಅದರ ಮೇಲೆ ಬರೆದದ್ದನ್ನು ಓದಿದಳು. ಗಂಡ ಒಳಗೆ ಕಾಲಿಟ್ಟಾಗ ದೊಡ್ಡ ಬ್ಯಾಗು ಮಂಚದ ಮೇಲೆ ತೆರೆದು ಕೂತಿತ್ತು, ಅವಳು ಸೀರೆ ಮಡಚುತ್ತಿದ್ದಳು.

"ಜೀವಕ್ಕೇನೂ ಆಗಿಲ್ಲ ತಾನೇ?" ಎಂದು ಮೊದಲು ಕೇಳಿದಳು. ಆಗಿಲ್ಲ ಎಂದ ಮೇಲೆ ಡಬ್ಬಿಯನ್ನು ಮುಂದೆ ಇಟ್ಟಳು. "ಇದು ಯಾರಿಗೋಸ್ಕರ?"

"ಅಂದ್ರೆ?"

"ನನ್ನ ಹತ್ತಿರ ಬಂದು ಒಂದು ವರ್ಷದ ಮೇಲಾಯ್ತು. ಮನೆಯಲ್ಲಿ ಹೆಂಡತಿ ಬೇಡದ ಗಂಡಸಿಗೆ ಶಕ್ತಿ ಪುಡಿ ಯಾಕ್ರೀ ಬೇಕು? ಯಾರವಳು? ಹೆಸರು ಹೇಳೋದು ಬೇಡ. ಇದಾಳೆ ಅಂತ ಒಪ್ಕೊಳ್ಳಿ ಸಾಕು. ನಮ್ಮಕ್ಕನ ಊರಲ್ಲಿ ಹೊಲಿಗೆ ಕೆಲಸ ಖಾಲಿ ಇದೆ. ಸಂಜೆ ಬಸ್ಸಿಗೆ ಹೋಗ್ತೀನಿ. ಜಗಳ ಬೇಡ."

ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಹೆಂಡತಿ, ಇಲ್ಲದ ಸವತಿಯ ಕಾರಣಕ್ಕೆ ಮನೆ ಬಿಡುತ್ತಿದ್ದಾಳೆ. ನಿಜ ಹೇಳಿದರೆ ಅವಳು ನಿಲ್ಲುತ್ತಾಳೆ, ಹೇಳಲು ಬಾಯಿ ಬರುತ್ತಿಲ್ಲ. "ಅದು ಹಾಗಲ್ಲ ಕಣೇ... ಅದೇನಂದ್ರೆ..." ಎಂದ. ಅಲ್ಲಿಂದ ಮುಂದೆ ಹೋಗಲಿಲ್ಲ. ಅವಳು ಎರಡನೆಯ ಸೀರೆ ಎತ್ತಿಕೊಂಡಳು.

ಬೋರ್ಡಣ್ಣ ಹೊರಗೆ ಹೋದ. ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಖಾಲಿ ತಗಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ನೀಲಿ ಪೇಂಟಿನ ಡಬ್ಬಿ ತೆರೆದು, ಕೈಗೆ ಸಿಕ್ಕ ಕುಂಚ ಅದ್ದಿದ. ಗೆರೆ ಹೊಡೆದುಕೊಳ್ಳಲಿಲ್ಲ, ಅಳತೆ ಮಾಡಲಿಲ್ಲ. ಜೀವಮಾನದಲ್ಲೇ ಮೊದಲ ಸಲ ಅವನ ಅಕ್ಷರ ಸೊಟ್ಟಗಾಯಿತು.

"ಲೇ, ಸ್ವಲ್ಪ ಬಾ ಇಲ್ಲಿ" ಎಂದು ಕೂಗಿದ.

ಅವಳು ಹೊಸ್ತಿಲಿಗೆ ಬಂದು ಓದಿದಳು. ಒಂದು ಅಡಿ ಎತ್ತರದ ನೀಲಿ ಅಕ್ಷರದಲ್ಲಿ ಹೀಗಿತ್ತು: 'ಬೇರೆ ಯಾರೂ ಇಲ್ಲ. ನೀನೇ ಬೇಕು. ನನಗೆ ಆಗುತ್ತಿಲ್ಲ.'

ಅವಳು ಓದಿದಳು. ಮತ್ತೆ ಓದಿದಳು. ಆಮೇಲೆ ಬೀದಿಯ ಆ ತುದಿ, ಈ ತುದಿ ನೋಡಿದಳು. "ಅಯ್ಯೋ ನಿಮ್ಮ! ಇಷ್ಟು ದೊಡ್ಡ ಅಕ್ಷರದಲ್ಲಾ? ಬಸ್ಸಲ್ಲಿ ಹೋಗೋರೂ ಓದ್ತಾರೆ! ಮೊದಲು ಒಳಗೆ ತನ್ನಿ!"

ಇಬ್ಬರೂ ಆ ಕಡೆ ಈ ಕಡೆ ಹಿಡಿದು ತಗಡನ್ನು ಒಳಗೆ ಸಾಗಿಸಿದರು. ಹಸಿ ಬಣ್ಣ ಅವಳ ಸೆರಗಿಗೆ ಮೆತ್ತಿತು. ಬಾಗಿಲು ಹಾಕಿದ ಮೇಲೆ ಅವಳಿಗೆ ನಗು ಬಂತು. ನಗುತ್ತಿದ್ದಂತೆಯೇ ಅಳು ಬಂತು. ಅವನೂ ಅತ್ತ. ಅಷ್ಟು ಹಗುರವಾಗಿ ಅವನು ಎಂದೂ ಅತ್ತಿರಲಿಲ್ಲ.

"ಬೈತೀಯ ಅಂದ್ಕೊಂಡೆ" ಎಂದ.

"ಯಾಕೆ ಬೈಲಿ? ಜ್ವರ ಬಂದ್ರೆ ಬೈತೀನಾ?" ಅವಳು ಮೂಗು ಒರೆಸಿಕೊಂಡಳು. ತಗಡಿನ ಕಡೆ ನೋಡುತ್ತಲೇ ಹೇಳಿದಳು. "ನಾನೂ ಒಂದು ಮುಚ್ಚಿಟ್ಟಿದ್ದೀನಿ. ಮುಟ್ಟು ನಿಂತ ಮೇಲೆ ನನಗೆ ಸೇರೋವಾಗ ಬಹಳ ನೋವಾಗ್ತಿತ್ತು. ಉರಿ. ನೋಯುತ್ತಲ್ಲಾ ಅಂತ ಆಸೆನೂ ಹೋಯ್ತು. ನೀವು ಗೋಡೆ ಕಡೆ ತಿರುಗಿದಾಗ ಮೊದಲು 'ಸದ್ಯ' ಅನ್ನಿಸಿತ್ತು ರೀ. ಆಮೇಲೆ, ನಾನು ನೋವಿಗೆ ಮುಖ ಹಿಂಡಿದ್ದು ನೋಡಿಯೇ ನೀವು ದೂರ ಹೋದ್ರಿ ಅಂತ ಕೊರಗು ಶುರುವಾಯ್ತು."

ಒಂದೇ ಹಾಸಿಗೆಯ ಎರಡು ಅಂಚಿನಲ್ಲಿ ಇಬ್ಬರೂ ತಮ್ಮದೇ ತಪ್ಪು ಎಂದು ಒಂದು ವರ್ಷ ಕೊರಗಿದ್ದರು. ಇಬ್ಬರಲ್ಲಿ ಯಾರೊಬ್ಬರು ಬಾಯಿ ಬಿಟ್ಟಿದ್ದರೂ ಸಾಕಿತ್ತು. ಅವಳು ಸೀರೆಗಳನ್ನು ಮತ್ತೆ ಬೀರುವಿನಲ್ಲಿಟ್ಟಳು.

ಗುರುವಾರ ಇಬ್ಬರೂ ಹೋದರು. ಸಿಸ್ಟರಮ್ಮ ಅವರನ್ನು ನೋಡಿ ಏನೂ ಕೇಳದೆ ಡಾಕ್ಟ್ರಮ್ಮನ ಕೋಣೆಯ ಬಾಗಿಲು ತೆರೆದರು. ಒಳಗೆ ಹೋದ ಮೇಲೆ ಬೋರ್ಡಣ್ಣ ಗೋಡೆಯ ಮೇಲಿನ ಬೋರ್ಡುಗಳ ಅಕ್ಷರ ನೋಡತೊಡಗಿದ. ಹೆಂಡತಿಯೇ ಶುರು ಮಾಡಿದಳು. ಅವಳು ಅರ್ಧ ಹೇಳಿದ ಮೇಲೆ ಉಳಿದದ್ದನ್ನು ಅವನು ಹೇಳಿದ.

ಡಾಕ್ಟ್ರಮ್ಮ ಪುಡಿ ಡಬ್ಬಿ ತಿರುಗಿಸಿ ನೋಡಿದರು. "ಇದರಲ್ಲಿ ಏನೇನು ಬೆರೆಸಿದ್ದಾರೆ ಅಂತ ಎಲ್ಲೂ ಬರೆದಿಲ್ಲ. ಇಂಥ ಪುಡಿಗಳಲ್ಲಿ ಕೆಲವು ಸಲ ಹೇಳದೆ ಕೇಳದೆ ಬಲವಾದ ಮಾತ್ರೆಗಳನ್ನ ಕುಟ್ಟಿ ಹಾಕಿರ್ತಾರೆ. ಹೃದಯದ ತೊಂದರೆ ಇದ್ದೋರು ತಿಂದ್ರೆ ಜೀವಕ್ಕೇ ಅಪಾಯ. ಇದನ್ನ ಇವತ್ತೇ ಬಿಡಿ."

"ಆದ್ರೆ ಬಿಪಿ ಮಾತ್ರೆಯಿಂದಲೇ ಹೀಗಾಗುತ್ತಂತಲ್ಲ ಮೇಡಂ?"

"ಕೆಲವು ಮಾತ್ರೆಯಿಂದ ಕೆಲವರಿಗೆ ಆಗಬಹುದು. ಹಾಗಂತ ನೀವೇ ಬಿಡಬಾರದು. ನಮಗೆ ಹೇಳಿದ್ರೆ ಬೇರೆ ಮಾತ್ರೆ ಕೊಡ್ತೀವಿ. ಬಿಪಿನೇ ಏರಿದ್ರೂ ಇದೇ ತೊಂದರೆ ಬರುತ್ತೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ, ಚಿಂತೆ, ಮನಸ್ಸು ಕುಗ್ಗೋದು, ಇವುಗಳಿಂದಲೂ ಬರುತ್ತೆ. ಬೀಡಿ ಸೇದ್ತೀರಾ?"

"ಒಂದೋ ಎರಡೋ..."

"ದಿನಕ್ಕೆ ಒಂದು ಕಟ್ಟು" ಎಂದಳು ಹೆಂಡತಿ.

ಡಾಕ್ಟ್ರಮ್ಮ ನಕ್ಕು ಬರೆದುಕೊಂಡರು. ರಕ್ತ ಪರೀಕ್ಷೆ ಬರೆದರು, ಹೃದಯದ ಇಸಿಜಿ ಮಾಡಿಸಲು ಹೇಳಿದರು.

"ಇದಕ್ಕೂ ಹೃದಯಕ್ಕೂ ಏನು ಸಂಬಂಧ?" ಎಂದ ಬೋರ್ಡಣ್ಣ. ಅವನ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಅಂಗ ನಿಮಿರಬೇಕಾದ್ರೆ ಅಲ್ಲಿಗೆ ರಕ್ತ ಸರಿಯಾಗಿ ಹರೀಬೇಕು. ಅಲ್ಲಿನ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು. ನಾಳಗಳು ಕಟ್ಟಿಕೊಳ್ಳೋಕೆ ಶುರುವಾದ್ರೆ ಕೆಲವರಿಗೆ ಎದೆನೋವಿಗಿಂತ ಮುಂಚೆ ಅಲ್ಲೇ ಗೊತ್ತಾಗುತ್ತೆ. ಎಲ್ಲರಿಗೂ ಹಾಗೇ ಅಂತಲ್ಲ. ಆದ್ರೆ ನೋಡದೆ ಬಿಡಬಾರದು."

ಆಮೇಲೆ ಹೆಂಡತಿಯ ಕಡೆ ತಿರುಗಿದರು. ಮುಟ್ಟು ನಿಂತ ಮೇಲೆ ಒಳಗೆ ಒಣಗುವುದು, ಅದರಿಂದ ನೋಯುವುದು ಬಹಳ ಹೆಂಗಸರಿಗೆ ಆಗುವಂಥದ್ದೇ, ಸಹಿಸಿಕೊಂಡು ಕೂರಬೇಕಾದದ್ದಲ್ಲ ಎಂದರು. ಪರೀಕ್ಷೆ ಮಾಡಿ, ಜಾರಲು ಹಚ್ಚುವ ಜೆಲ್ಲು ಮತ್ತು ಒಂದು ಮುಲಾಮು ಬರೆದುಕೊಟ್ಟರು. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು.

"ಆಸೆ ಕಡಿಮೆ ಆಗೋದು ಕಾಯಿಲೆನಾ ಮೇಡಂ?" ಎಂದು ಅವಳು ಕೇಳಿದಳು.

"ಕಡಿಮೆ ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲಮ್ಮ. ನಿಮಗೆ ಬೇಸರ ಇಲ್ಲ ಅಂದ್ರೆ ಔಷಧಾನೂ ಬೇಡ. ಅದರಿಂದ ಕೊರಗು ಇದ್ರೆ ಮಾತ್ರ ಕಾರಣ ಹುಡುಕಬೇಕು. ನಿಮಗೆ ಕಾರಣ ನೋವು, ಇವರಿಗೆ ಭಯ. ಒಂದು ಕೆಲಸ ಮಾಡಿ. ಮೂರು ವಾರ ಸೇರೋದರ ಯೋಚನೆಯೇ ಬೇಡ. ದಿನಾ ಅರ್ಧ ಗಂಟೆ ಹತ್ತಿರ ಕೂತ್ಕೊಳ್ಳಿ, ಕೈ ಹಿಡ್ಕೊಳ್ಳಿ, ಮಾತಾಡಿ. ಅಷ್ಟೇ."

"ಅಷ್ಟೇನಾ?" ಬೋರ್ಡಣ್ಣನಿಗೆ ನಂಬಿಕೆ ಬರಲಿಲ್ಲ.

"ಹಾಸಿಗೆ ಮೇಲೆ ಪಾಸಾಗಬೇಕಾದ ಪರೀಕ್ಷೆ ಏನೂ ಇಲ್ಲ ಅಂತ ಗೊತ್ತಾದ್ರೆ ಮನಸ್ಸಿಂದ ಭಯ ಹೋಗುತ್ತೆ. ನೀವೇ ನೋಡಿ."

ಇಸಿಜಿ ನೋಡಿದ ಡಾಕ್ಟ್ರಮ್ಮನ ಮುಖ ಗಂಭೀರವಾಯಿತು. ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟರು. ಅಲ್ಲಿ ಹೃದಯದ ಒಂದು ನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿರುವುದು ಗೊತ್ತಾಯಿತು. ರಕ್ತದಲ್ಲಿ ಸಕ್ಕರೆಯೂ ಏರಿತ್ತು. ಸದ್ಯಕ್ಕೆ ಮಾತ್ರೆಯಲ್ಲೇ ಹದಕ್ಕೆ ತರಬಹುದು, ಸಕಾಲಕ್ಕೆ ಬಂದಿದ್ದೀರಿ ಎಂದರು ಅಲ್ಲಿನ ಹೃದಯದ ಡಾಕ್ಟರು.

ಬೋರ್ಡಣ್ಣ ಬೀಡಿ ಬಿಟ್ಟ. ಎರಡು ಸಲ ಜಾರಿ ಬಿದ್ದು ಮೂರನೆಯ ಸಲ ಬಿಟ್ಟ. ಬೆಳಿಗ್ಗೆ ಹೆಂಡತಿಯ ಜೊತೆ ಕೆರೆ ಏರಿಯ ಮೇಲೆ ನಡೆಯತೊಡಗಿದ. ಬಿಪಿ ಮಾತ್ರೆ ಬದಲಾಯಿತು. ನಾಲ್ಕು ತಿಂಗಳ ಮೇಲೆ, ಹೃದಯದ ಡಾಕ್ಟರನ್ನು ಕೇಳಿಯೇ, ನಿಮಿರುವಿಕೆಗೆ ಸಹಾಯ ಮಾಡುವ ಮಾತ್ರೆಯನ್ನು ಡಾಕ್ಟ್ರಮ್ಮ ಬರೆದುಕೊಟ್ಟರು. "ಎದೆನೋವಿಗೆ ನಾಲಿಗೆ ಕೆಳಗೆ ಇಡೋ ಮಾತ್ರೆ ತಗೊಳ್ಳೋರು ಇದನ್ನ ಮುಟ್ಟಲೇಬಾರದು. ನೀವು ಅದನ್ನ ತಗೊಳ್ತಿಲ್ಲ, ಅದಕ್ಕೇ ಕೊಡ್ತಿದ್ದೀನಿ. ಇದನ್ನ ಬೇರೆ ಯಾರಿಗೂ ಹಂಚಬೇಡಿ" ಎಂದು ಎರಡೆರಡು ಸಲ ಹೇಳಿದರು.

ಎಲ್ಲ ಮೊದಲಿನ ಹಾಗೆ ಆಯಿತೇ ಎಂದು ನೀವು ಕೇಳುತ್ತೀರಿ. ಮೊದಲಿನ ಹಾಗೆ ಆಗಲಿಲ್ಲ. ಒಮ್ಮೊಮ್ಮೆ ಚೆನ್ನಾಗಿರುತ್ತದೆ, ಒಮ್ಮೊಮ್ಮೆ ಆಗುವುದಿಲ್ಲ. ಆಗದ ದಿನ "ಪರವಾಗಿಲ್ಲ ಬಿಡ್ರೀ" ಎಂದು ಅವಳು ಅವನ ಕೈ ಹಿಡಿದು ಅಂಗಡಿಯ ಸುದ್ದಿ ಹೇಳುತ್ತಾಳೆ. ಮನೆಯಲ್ಲಿ ಮತ್ತೆ ಮಾತು ತುಂಬಿದೆ. ಈಗ ಅವನ ಗೊರಕೆ ನಿಜವಾದ ಗೊರಕೆ, ಅದೊಂದೇ ಅವಳ ದೂರು.

ಮೊನ್ನೆ ಇಬ್ಬರೂ ತಪಾಸಣೆಗೆ ಹೋಗಿದ್ದರು. ಬೋರ್ಡಣ್ಣ ಸಿಸ್ಟರಮ್ಮನ ಮುಂದೆ ಕೈ ಮುಗಿದು ನಿಂತ. "ಅವತ್ತು ನೀವು ಬಾಯಿ ಬಿಟ್ಟು ಕೇಳದೆ ಇದ್ದಿದ್ರೆ ನಾನು ಇಲ್ಲಿಗೆ ಬರ್ತಿರಲಿಲ್ಲ. ನಿಮ್ಮ ಉಪಕಾರ ಮರೆಯಲ್ಲ."

"ಕೇಳೋದು ನನ್ನ ಕೆಲಸ. ಹೇಳೋದೇ ಕಷ್ಟದ್ದು. ಅದನ್ನ ಮಾಡಿದ್ದು ನೀವಿಬ್ಬರು" ಎಂದರು ಸಿಸ್ಟರಮ್ಮ.

ಹೊರಗೆ ಬಂದ ಮೇಲೆ ಹೆಂಡತಿ ಮೆಟ್ಟಿಲ ಮೇಲೆ ನಿಂತಳು. ಹಾಡಹಗಲು, ಓಡಾಡುವ ಜನರ ನಡುವೆ, ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆ ತೊಂದರೆ ಬಂದಾಗ ಎಷ್ಟು ಶಾಪ ಹಾಕಿದ್ದೆ. ಅದು ಬರದೇ ಇದ್ದಿದ್ರೆ ನಿಮ್ಮ ಎದೆಯಲ್ಲಿ ಏನಾಗ್ತಿದೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಒಂದು ದಿನ ಏಣಿ ಮೇಲಿಂದಲೇ ನೀವು... ಬದುಕಿದ್ದೀರಲ್ಲ ರೀ. ನನಗೆ ಅಷ್ಟೇ ಸಾಕು."

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಮೌನ ಇರಬಹುದು. ಆಸೆ ಕುಗ್ಗಿರಬಹುದು, ನೋವಿರಬಹುದು, ಆಗದೆ ಇರಬಹುದು. ಅದು ನಿಮ್ಮ ತಪ್ಪಲ್ಲ, ಪಕ್ಕದಲ್ಲಿರುವವರ ತಪ್ಪೂ ಅಲ್ಲ. ಕಾರಣ ಹುಡುಕಬಹುದು, ಚಿಕಿತ್ಸೆಯೂ ಇದೆ. ಗೋಡೆಯ ಮೇಲಿನ ಮಾತು ನಂಬಿ ಪುಡಿ ತಿನ್ನಬೇಡಿ. ಕೇಳದೆ ಯಾವ ಮಾತ್ರೆಯನ್ನೂ ಬಿಡಬೇಡಿ, ಹಿಡಿಯಲೂ ಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಹೋಗುವ ಮುಂಚೆ ಇವತ್ತೇ, ನಿಮ್ಮ ಪಕ್ಕದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುವವರ ಹೆಗಲು ಮುಟ್ಟಿ, "ಮಾತಾಡೋಣ್ವಾ?" ಎಂದು ಕೇಳಿ. ಅವರೂ ಅದನ್ನೇ ಕಾಯುತ್ತಿರಬಹುದು.